ಬೀಜಾಡಿ ದಾರಿಯ ವಕೀಲರ ಆಫೀಸು

ಕುಂಭಾಶಿಯಿಂದ ಕೋಟೇಶ್ವರದತ್ತ ಹೊರಟರೆ ಹೆದ್ದಾರಿಯ ಎಡಕ್ಕೆ ಬೀಜಾಡಿ. ಇಲ್ಲಿಂದ ಕಡಲು ದೂರವಿಲ್ಲ. ಹೆದ್ದಾರಿಯಿಂದ ತುಸು ಒಳಗೆ, ಹಂಚಿನ ಹಳೆಯ ಮನೆಗೆ ತಾರಸಿಯ ಭಾಗವೊಂದನ್ನು ಸೇರಿಸಿ ಮಾಡಿದ ಕಟ್ಟಡದಲ್ಲಿ ಈ ಆಫೀಸು ಇದೆ. ಆರೇಳು ವಕೀಲರು ಒಟ್ಟಿಗೆ ಕೂತು ಕೆಲಸ ಮಾಡುವ ಜಾಗ. ಬೋರ್ಡು ಚಿಕ್ಕದು: ಹೆಸರುಗಳು, ಕೆಳಗೆ ‘ನ್ಯಾಯವಾದಿಗಳು’ ಎಂಬ ಒಂದೇ ಪದ. ಯಾವ ಬಗೆಯ ಕೆಲಸ ಮಾಡಿಕೊಡುತ್ತಾರೆ ಎಂಬುದು ಅದರಲ್ಲಿ ಇಲ್ಲ. ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಇಂಥ ಕೆಲಸದಲ್ಲಿ ತಾನು ಪರಿಣತ ಎಂದು ಫಲಕದಲ್ಲಿ ಹಾಕಿಕೊಳ್ಳುವಂತೆಯೂ ಇಲ್ಲ. 2008ರ ತಿದ್ದುಪಡಿಯ ಮೇಲೆ ಜಾಲತಾಣದಲ್ಲಿ ಅಷ್ಟಿಷ್ಟು ಹೇಳಿಕೊಳ್ಳಬಹುದು. ಆದರೆ ಇಲ್ಲಿಗೆ ಬರುವವರು ಜಾಲತಾಣ ನೋಡಿ ಬಂದಂತೆ ಕಾಣಲಿಲ್ಲ. ಹಾಗಾಗಿ ಒಳಗೆ ಏನೇನು ನಡೆಯುತ್ತದೆ ಎಂದು ತಿಳಿಯಲು ಒಳಗೇ ಹೋಗಬೇಕಾಯಿತು.

ಜಗಲಿಯಲ್ಲಿ ಎರಡು ಉದ್ದ ಬೆಂಚು. “ಬನ್ನಿ, ಕೂಕಣಿ” ಎಂದು ಗುಮಾಸ್ತರು ಜಾಗ ತೋರಿಸಿದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆ ಹರಿಯುವಂತಾದ ಕಾಗದಗಳು. “ವಾಯ್ದೆ ಯಾವತ್ತಿಗ್ ಮರ್ರೆ?” ಎಂದು ಅವರು ಗುಮಾಸ್ತರನ್ನು ಕೇಳಿದರು. ಗುಮಾಸ್ತರು ಉದ್ದನೆಯ ಡೈರಿ ತೆಗೆದು, ಪುಟ ಮಗುಚಿ, ತಾರೀಕು ಹೇಳಿದರು. ಕುಂದಾಪುರ ಕೋರ್ಟಿನ ವಾಯಿದೆಗಳೆಲ್ಲ ಮೊಬೈಲಿನಲ್ಲೇ ಸಿಗುವ ಕಾಲದಲ್ಲೂ ಆ ಡೈರಿ ಮೇಜಿನ ನಡುವೆಯೇ ಇದೆ.

ಮೊದಲ ಕೋಣೆ ದಾಖಲೆಗಳದ್ದು. ಕಡತ ಬಿಚ್ಚಿ ನೋಡುವಂತಿರಲಿಲ್ಲ, ಕೇಳುವುದೂ ಸರಿಯಲ್ಲ. ಕಪಾಟಿನ ಅಂಚಿಗೆ ಅಂಟಿಸಿದ ಚೀಟಿಗಳನ್ನಷ್ಟೇ ಓದಿದೆ: ಮೂಲಗೇಣಿ (ಕಾಯಂ ಗೇಣಿ), ಕುಮ್ಕಿ (ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ಜಾಗ), ಡಿಕ್ಲರೇಶನ್, ಹೆದ್ದಾರಿ. ಈ ಕರಾವಳಿ 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆಗಿನ ಅಡಂಗಲ್, ಈಗಿನ ಪಹಣಿ ಎರಡನ್ನೂ ಓದಬಲ್ಲವರು ಇಲ್ಲಿ ಬೇಕು. 1974ರ ಮಾರ್ಚ್ 1ರಿಂದ ಗೇಣಿ ಒಕ್ಕಲಿನ ಭೂಮಿ ಸರ್ಕಾರಕ್ಕೆ ಸೇರಿ, ಉಳುವವರು ಡಿಕ್ಲರೇಶನ್ ಕೊಟ್ಟು ಒಡೆತನ ಪಡೆದ ಕಥೆ ಇಲ್ಲಿ ಪ್ರತಿ ಮನೆಯಲ್ಲೂ ಇದೆ. ಅಂದು ಗಡಿ ಸರಿಯಾಗಿ ಬರೆಸದ್ದು ಇಂದು ಮೊಮ್ಮಕ್ಕಳ ದಾವೆಯಾಗಿ ಬರುತ್ತದೆಯಂತೆ. ‘ಹೆದ್ದಾರಿ’ ಚೀಟಿಯ ಕಟ್ಟು ಚತುಷ್ಪಥಕ್ಕೆ ಹೋದ ಜಾಗಗಳ ಪರಿಹಾರದ್ದಿರಬೇಕು ಎಂದು ಊಹಿಸಿದೆ. ಹೆದ್ದಾರಿ ಕಾಯ್ದೆಯಡಿ ಜಾಗ ಕೊಟ್ಟವರಿಗೂ ಸೊಲೇಶಿಯಂ (ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಮೊತ್ತ) ಮತ್ತು ಬಡ್ಡಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ಅಲ್ಲಿಂದ ಮುಂದಕ್ಕೆ ಒಂದು ಇಕ್ಕಟ್ಟಾದ ಮೇಜು. ಅದರ ಮೇಲೆ ಅಂಚೆಯ ಲಕೋಟೆಗಳು. ಇದು ಚೆಕ್ ಬೌನ್ಸ್ ವಿಭಾಗ. ಗೇರುಬೀಜ, ಮೀನು, ಮಂಜುಗಡ್ಡೆ, ಜಲ್ಲಿ ಏನೇ ಇರಲಿ, ಸಾಲದ ವ್ಯಾಪಾರ ಕೆಟ್ಟಾಗ ಕಾಗದ ಬಂದು ಬೀಳುವುದು ಇಲ್ಲಿಗೆ. ಕಿರಿಯ ವಕೀಲೆಯೊಬ್ಬರು ಲೆಕ್ಕ ಹೇಳಿದರು: ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟೀಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. “ಕೊಡ್ತೇನೆ ಅಂದಿದ್ದಾರೆ, ಕಾಯುವ ಅಂತ ಕೂತು ದಿನ ಕಳ್ಕೊಂಡು ಬರ್ತಾರೆ” ಎಂದರು. ಅವರ ಮುಖದಲ್ಲಿ ಬೇಸರವಿತ್ತು.

ಒಳಕೋಣೆ ಹಿರಿಯ ವಕೀಲರದ್ದು. ನಾನು ಹೆಚ್ಚು ಹೊತ್ತು ಕೂತದ್ದು ಇಲ್ಲೇ. ಮೇಜಿನ ಮೇಲೆ ಹೆಸರುಗಳನ್ನೆಲ್ಲ ಬಿಟ್ಟು, ಬರೀ ಗೆರೆ ಮತ್ತು ಚೌಕಗಳಿದ್ದ ವಂಶವೃಕ್ಷವೊಂದನ್ನು ಹಾಸಿ ತೋರಿಸಿದರು. ಗೆರೆಗಳೆಲ್ಲ ಇಳಿಯುವುದು ಹೆಂಗಸರಿಂದ: ಅಜ್ಜಿ, ಅವಳ ಹೆಣ್ಣುಮಕ್ಕಳು, ಅವರ ಮಕ್ಕಳು. ಅಳಿಯಸಂತಾನದ ಮನೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಇಂಥ ಕುಟುಂಬದ ಕವರುಗಳಿಗೆ, ಅಂದರೆ ಹೆಣ್ಣಿನ ಕಡೆಯಿಂದ ಕವಲೊಡೆದ ಶಾಖೆಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮತ್ತೆ ಬೇರೆ ಲೆಕ್ಕ ತಂದಿತು. ಯಾರು ಯಾವ ವರ್ಷ ತೀರಿಕೊಂಡರು ಎಂಬುದರ ಮೇಲೆ ಪಾಲೇ ಬದಲಾಗುತ್ತದೆ. ಸಂತತಿ ಕವರು, ನಿಸ್ಸಂತತಿ ಕವರು ಎಂಬ ಭೇದವನ್ನು ಅವರು ಬಿಡಿಸಿ ಹೇಳಿದರು. ಎರಡನೆಯದರ ಭಾಗ ನನಗೆ ಪೂರ್ತಿ ಅರ್ಥವಾಯಿತೆಂದು ಹೇಳಲಾರೆ. ಒಂದು ಮಾತ್ರ ಸ್ಪಷ್ಟ: ಮುಂಬೈಯಲ್ಲಿ, ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಚದುರಿಹೋದ ಕುಟುಂಬ ಕೊನೆಗೆ ಒಟ್ಟಿಗೆ ಕಾಣುವುದು ಈ ಹಾಳೆಯ ಮೇಲೆ, ಅದೂ ಪಾಲಿನ ದಾವೆಯ ಹೊತ್ತಿನಲ್ಲಿ. ಅದನ್ನು ನೋಡುತ್ತ ಮನಸ್ಸು ಭಾರವಾಯಿತು.

ಮಹಡಿಯ ಮೆಟ್ಟಿಲು ಹತ್ತಿದೆ. ಕೆಳಗಿನಷ್ಟು ಗದ್ದಲ ಇಲ್ಲಿಲ್ಲ. ಇದು ಕರಾರುಪತ್ರ ಬರೆಯುವ ಕೋಣೆ. ಪಾಲುದಾರಿಕೆ ಪತ್ರ, ಬಾಡಿಗೆ ಕರಾರು, ವೀಲುನಾಮೆ, ಮುಂಬೈಯಲ್ಲಿ ಕಂಡಕ್ಟಿಂಗ್‌ಗೆ (ಬೇರೆಯವರು ನಡೆಸಿಕೊಳ್ಳಲು) ಕೊಟ್ಟ ಹೋಟೆಲಿನ ಒಪ್ಪಂದ ಎಲ್ಲವೂ ಇಲ್ಲಿ ತಯಾರು. ಕುಂದಾಪುರದ ಕಡೆಯವರ ಹೋಟೆಲುಗಳು ಎಷ್ಟೋ ಸಲ ಭಾವ, ಭಾಮೈದ, ನೆಂಟರ ನಂಬಿಕೆಯಲ್ಲೇ ಶುರುವಾದಂಥವು. ಆದರೆ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಣಿ ಮಾಡಿಸದ ಸಂಸ್ಥೆಯ ಪಾಲುದಾರ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡಲಾರ, ಲೆಕ್ಕ ಮುಗಿಸಿ ಬೇರೆಯಾಗುವುದನ್ನು ಬಿಟ್ಟು. ಜಗಳ ವಾಣಿಜ್ಯ ವ್ಯಾಜ್ಯವಾಗಿ, ಮೊತ್ತ 3 ಲಕ್ಷ ಮುಟ್ಟಿದರೆ, 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಒಳಪಡುತ್ತದೆ. 2018ಕ್ಕೆ ಮುಂಚೆ ಈ ಮಿತಿ 1 ಕೋಟಿ ಇತ್ತು. ತುರ್ತು ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಸಂಧಾನಕ್ಕೆ ಹೋಗಲೇಬೇಕು. ಕಡಲಿಗೆ ಹತ್ತಿರ ಮನೆ ಕಟ್ಟುವವರೂ ಈ ಕೋಣೆಗೆ ಬರುತ್ತಾರೆ. ಭರತದ ಗೆರೆಯಿಂದ 500 ಮೀಟರ್‌ವರೆಗಿನ ಜಾಗಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ತಾಗುತ್ತದೆ. ಅಡ್ವಾನ್ಸ್ ಕೊಟ್ಟ ಮೇಲೆ ಅದನ್ನು ತಿಳಿದುಕೊಂಡವರೂ ಇದ್ದಾರಂತೆ.

ಇಡೀ ಆಫೀಸಿನಲ್ಲಿ ಜನರಿಗೆ ಅತಿ ಹೆಚ್ಚು ಉಪಕಾರವಾಗುವ ಕೋಣೆ ಇದೇ ಎಂದು ನನಗನ್ನಿಸಿತು. ಕೆಳಗಿನ ಬೆಂಚಿನಲ್ಲಿ ಕಾಯುತ್ತಿದ್ದವರ ಕಾಗದಗಳಲ್ಲಿ ಎಷ್ಟೋ, ಸಹಿ ಬೀಳುವ ಮೊದಲು ಈ ಮೆಟ್ಟಿಲು ಹತ್ತಿದ್ದರೆ, ದಾವೆಯಾಗುತ್ತಿರಲಿಲ್ಲ.

ನಾನು ಹೊರಡುವ ಹೊತ್ತಿಗೆ ಇಬ್ಬರು ಹುಡುಗರು ಬಂದರು, ಬೆಂಗಳೂರಿನಲ್ಲಿ ಜೊತೆಯಾಗಿ ಹೋಟೆಲು ಹಾಕುವವರು. ವಕೀಲರು ಒಂದೊಂದಾಗಿ ಕೇಳಿದರು: ಯಾರ ಬಂಡವಾಳ ಎಷ್ಟು, ಚೆಕ್ಕಿಗೆ ಯಾರ ಸಹಿ, ಒಬ್ಬರು ಬಿಟ್ಟರೆ ಹೆಸರು ಯಾರಿಗೆ, ಒಬ್ಬರು ತೀರಿಕೊಂಡರೆ ವ್ಯಾಪಾರ ಮುಂದುವರಿಯಬೇಕೋ ನಿಲ್ಲಬೇಕೋ. ಪಾಲುದಾರರು ಇಬ್ಬರೇ ಇದ್ದಾಗ ಒಬ್ಬರ ಸಾವಿನೊಂದಿಗೆ ಸಂಸ್ಥೆಯೂ ವಿಸರ್ಜನೆಯಾಗುತ್ತದೆ ಎಂದರು. ಮೊದಲ ಎರಡಕ್ಕೆ ಹುಡುಗರಲ್ಲಿ ಉತ್ತರವಿತ್ತು. ಉಳಿದದ್ದನ್ನು ಮನೆಯಲ್ಲಿ ಮಾತಾಡಿ ಬರುತ್ತೇವೆಂದು ಪ್ರಶ್ನೆಗಳನ್ನು ಬರೆದುಕೊಂಡು ಎದ್ದರು.