ಆಡುತ್ತಿರುವಾಗಲೇ ಆರಿಹೋಗುವ ಕಂಪ್ಯೂಟರು

ಮನೆಯಲ್ಲಿ ದೀಪವು ಉರಿಯುತ್ತಲೇ ಇರುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ. ಮೇಜಿನ ಬಳಿಯ ಕಂಪ್ಯೂಟರು ಮಾತ್ರ ಯಾವ ಮುನ್ಸೂಚನೆಯನ್ನೂ ಕೊಡದೆ ಕ್ಷಣಾರ್ಧದಲ್ಲಿ ಆರಿಹೋಗುತ್ತದೆ. ಹುಡುಗರು ತಾವೇ ಬಿಡಿಭಾಗಗಳನ್ನು ಕೊಂಡುತಂದು ಆಟಕ್ಕೆಂದು ಜೋಡಿಸಿಕೊಂಡ ಕಂಪ್ಯೂಟರುಗಳಿಗೆ ಈ ವ್ಯಾಧಿಯು ಹೊಸದೇನೂ ಅಲ್ಲ. ಕಳೆದ ಬೇಸಗೆಯಲ್ಲಿ ಇದು ನಮ್ಮ ಮನೆಗೂ ಬಂದು, ಒಂದು ತಿಂಗಳ ಕಾಲ ತಂದೆಮಕ್ಕಳ ನೆಮ್ಮದಿಯನ್ನು ಕೆಡಿಸಿತು. ಅದರ ವೃತ್ತಾಂತವನ್ನು ವಾಚಕರ ಮುಂದಿಟ್ಟರೆ ಕೆಲವರಿಗಾದರೂ ವೃಥಾ ವೆಚ್ಚವು ತಪ್ಪೀತೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗನು ಕಾಲೇಜಿನ ಎರಡನೆಯ ವರ್ಷದಲ್ಲಿ ಓದುವವನು. ನೆರೆಹೊರೆಯ ಮಕ್ಕಳಿಗೆ ಪಾಠ ಹೇಳಿ ಕೂಡಿಹಾಕಿದ ಹಣಕ್ಕೆ ಅವನ ಅಜ್ಜಿಯು ಕೊಟ್ಟುದನ್ನೂ ಸೇರಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ನಾಲ್ಕು ಶನಿವಾರ ಅಲೆದು, ಒಂದೊಂದೇ ಭಾಗವನ್ನು ತಂದನು. ಗ್ರಾಫಿಕ್ಸ್ ಕಾರ್ಡು ಬಹಳ ದುಬಾರಿಯಾದುದರಿಂದ ಅದೊಂದನ್ನು ಮಾತ್ರ ಯಾರೋ ಬಳಸಿ ಬಿಟ್ಟುದನ್ನು ಅರ್ಧ ಬೆಲೆಗೆ ಕೊಂಡಿದ್ದನು. ಮೊದಲನೆಯ ಎರಡು ವಾರ ಎಲ್ಲವೂ ಸರಿಯಾಗಿತ್ತು. ಅನಂತರ ಆಟದ ನಡುವೆ ಯಂತ್ರವು ಆರತೊಡಗಿತು. ಮೂರನೆಯ ಸಲ ಆರಿದಾಗ ನಾನು, "ಹಳೆಯ ಸಾಮಾನನ್ನು ಕೊಂಡರೆ ಹೀಗೆಯೇ ಆಗುವುದು. ಅಜ್ಜಿಯ ಹಣವನ್ನು ನೀರಿನಲ್ಲಿ ಹಾಕಿದೆ" ಎಂದುಬಿಟ್ಟೆನು. ಅವನು ಮರುಮಾತನಾಡಲಿಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿ ಸುಮ್ಮನಾದನು.

ನನ್ನ ಮಾತು ನನಗೇ ಚುಚ್ಚಿದ್ದರಿಂದ ಅದನ್ನು ರಿಪೇರಿ ಅಂಗಡಿಯೊಂದಕ್ಕೆ ನಾನೇ ಹೊತ್ತುಕೊಂಡು ಹೋದೆನು. ಅವರು ಒಂದು ದಿನ ಇಟ್ಟುಕೊಂಡು, ಮದರ್ ಬೋರ್ಡು ಹೋಗಿದೆಯೆಂದೂ ಅದರೊಡನೆ ಪ್ರೊಸೆಸರನ್ನೂ ಬದಲಾಯಿಸುವುದು ಒಳ್ಳೆಯದೆಂದೂ ಹೇಳಿ ೨೬,೦೦೦ ರೂಪಾಯಿಗಳ ಲೆಕ್ಕವನ್ನು ಬರೆದುಕೊಟ್ಟರು. ನಾನು ಕೊಡಲು ಸಿದ್ಧನಾಗಿಯೇ ಇದ್ದೆನು. ಆದರೆ ನನ್ನ ಹೆಂಡತಿಯು, "ಅವರ ಅಂಗಡಿಯಲ್ಲಿ ಅದು ಒಂದು ಸಲವಾದರೂ ಆರಿತೇ?" ಎಂದು ಕೇಳಿದಳು. ವಿಚಾರಿಸಿದೆನು, ಆರಿರಲಿಲ್ಲ. ಅವರು ಯಾವ ಆಟವನ್ನೂ ಹಾಕಿ ನೋಡಿರಲಿಲ್ಲ. ಆರದಿದ್ದ ಯಂತ್ರದಲ್ಲಿ ಆರುವ ಕಾರಣವನ್ನು ಅವರು ಹೇಗೆ ಕಂಡರೋ! ಪೆಟ್ಟಿಗೆಯನ್ನು ಹಿಂದಕ್ಕೆ ತಂದೆನು.

ಆ ರಾತ್ರಿಯಿಂದ ನಾನೂ ಮಗನೂ ಒಂದು ಲೆಕ್ಕದ ಪುಸ್ತಕವನ್ನಿಟ್ಟುಕೊಂಡು ಕುಳಿತೆವು. ಯಂತ್ರವು ಎಷ್ಟು ಹೊತ್ತಿಗೆ ಆರಿತು, ಆಗ ಅದು ಯಾವ ಕೆಲಸದಲ್ಲಿತ್ತು, ಮಾನಿಟರಿನ ದೀಪವು ಇತ್ತೋ ಹೋಯಿತೋ, ಮತ್ತೆ ಹೊತ್ತಿಸಲು ಏನು ಮಾಡಬೇಕಾಯಿತು ಎಂಬುದನ್ನೆಲ್ಲ ಅದರಲ್ಲಿ ಬರೆಯುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕೆಂದು ನಿಯಮ ಮಾಡಿಕೊಂಡೆವು. ಎರಡು ವಸ್ತುಗಳನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವಂತಿಲ್ಲವಷ್ಟೆ.

ಮಾನಿಟರಿನ ದೀಪವನ್ನು ನೋಡುವುದು ಅತ್ಯಂತ ಸುಲಭವಾದ ಪರೀಕ್ಷೆ. ಕಂಪ್ಯೂಟರಿನೊಡನೆ ಮಾನಿಟರಿನ ದೀಪವೂ ಹೋದರೆ ದೋಷವು ಪೆಟ್ಟಿಗೆಯ ಹೊರಗೆ, ಎಂದರೆ ಸಾಕೆಟ್ಟಿನಲ್ಲಿಯೋ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿಯೋ ಯು.ಪಿ.ಎಸ್.ನಲ್ಲಿಯೋ ಇರುವ ಸಂಭವ ಹೆಚ್ಚು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ೬೦೦ ವಿ.ಎ. ಯು.ಪಿ.ಎಸ್. ಅನೇಕ ವೇಳೆ ೩೬೦ ವ್ಯಾಟಿಗಿಂತ ಹೆಚ್ಚಿನ ಭಾರವನ್ನು ಹೊರಲಾರದು. ಆಟದ ಕಂಪ್ಯೂಟರು ಅದನ್ನು ಸುಲಭವಾಗಿ ಮೀರುತ್ತದೆ. ನಮ್ಮ ಪಕ್ಕದ ಮನೆಯ ಹುಡುಗನ ಕಂಪ್ಯೂಟರಿಗೆ ಇದೇ ಕಾಯಿಲೆ; ಗೋಡೆಯ ಸಾಕೆಟ್ಟಿಗೆ ನೇರವಾಗಿ ಹಾಕಿದೊಡನೆ ವಾಸಿಯಾಯಿತು. ನಮ್ಮದು ಮೊದಲಿನಿಂದಲೂ ಗೋಡೆಗೇ ಹಾಕಿದ್ದು, ಮಾನಿಟರಿನ ದೀಪವೂ ಪ್ರತಿ ಸಲ ಉಳಿಯುತ್ತಿತ್ತು. ದೋಷವು ಒಳಗೇ ಇತ್ತು.

ಎರಡನೆಯ ಸಂದೇಹವು ಶಾಖದ ಮೇಲೆ. ಪ್ರೊಸೆಸರು ಕಾಯುತ್ತ ಹೋದರೆ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಈಚಿನ ಅನೇಕ ಪ್ರೊಸೆಸರುಗಳಲ್ಲಿ ಈ ಮಿತಿಯು ೯೫ರಿಂದ ೧೦೦ ಡಿಗ್ರಿ ಸೆಲ್ಷಿಯಸ್. ಅದನ್ನೂ ಮೀರಿ ಕಾದರೆ ಮಾತ್ರ ಸುಟ್ಟುಹೋಗದಂತೆ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಮನೆಯಲ್ಲಿ ಜೋಡಿಸಿದ ಯಂತ್ರಗಳಲ್ಲಿ ಕೂಲರಿನ ತಳಕ್ಕೆ ಅಂಟಿಸಿ ಬರುವ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆಯುವುದುಂಟು. ಥರ್ಮಲ್ ಪೇಸ್ಟನ್ನು ಹಚ್ಚದಿರುವುದೂ ಫ್ಯಾನಿನ ತಂತಿಯನ್ನು ಸಿಕ್ಕಿಸದಿರುವುದೂ ಉಂಟು. ಬಾಗಿಲುಳ್ಳ ಮೇಜಿನ ಗೂಡಿನಲ್ಲಿ ಪೆಟ್ಟಿಗೆಯನ್ನಿಡುವುದು ನಮ್ಮ ಬೇಸಗೆಯಲ್ಲಿ ಅದನ್ನು ಒಲೆಯ ಮೇಲಿಟ್ಟಂತೆಯೇ ಸರಿ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶದಿಂದ ನೋಡಲಾಗಿ ನಮ್ಮ ಪ್ರೊಸೆಸರಿನ ಶಾಖವು ೭೪ ಡಿಗ್ರಿಯನ್ನು ದಾಟಿರಲಿಲ್ಲ. ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದಿಟ್ಟು ಆಡಿದರೂ ಅದು ಆರುವುದು ತಪ್ಪಲಿಲ್ಲ.

ಈ ನಡುವೆ ಮಗನು ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ 'ಕರ್ನಲ್ ಪವರ್, ೪೧' ಎಂಬ ಬರಹವನ್ನು ಕಂಡು ಬಹಳ ಹೆದರಿದನು. ಅದರ ಪಕ್ಕದಲ್ಲಿ 'ಕ್ರಿಟಿಕಲ್' ಎಂದು ಬೇರೆ ಇತ್ತು. ವಿಚಾರಿಸಿ ನೋಡಿದರೆ ಅದರ ಅರ್ಥವು, ಹಿಂದಿನ ಸಲ ಯಂತ್ರವು ಕ್ರಮವಾಗಿ ಮುಚ್ಚಲ್ಪಡದೆ ನಿಂತಿತು ಎಂಬಷ್ಟೇ. ಅದನ್ನು ನಾವು ಆಗಲೇ ಕಣ್ಣಾರೆ ಕಂಡಿದ್ದೆವು! ಆ ಬರಹದೊಳಗೆ 'ಬಗ್‌ಚೆಕ್' ಸಂಖ್ಯೆಯು ಸೊನ್ನೆಯಾಗಿದ್ದುದೊಂದೇ ಉಪಯೋಗಕ್ಕೆ ಬಂದ ಸಂಗತಿ; ನೀಲಿ ಪರದೆ ಬಂದು ನಿಂತಿದ್ದರೆ ಅಲ್ಲಿ ಬೇರೆ ಸಂಖ್ಯೆ ಇರಬೇಕಾಗಿತ್ತು. ರ್ಯಾಮನ್ನು ಒಂದು ರಾತ್ರಿಯೆಲ್ಲ ಮೆಮ್‌ಟೆಸ್ಟಿನಿಂದ ಪರೀಕ್ಷಿಸಿದೆವು, ತಪ್ಪೇನೂ ಸಿಕ್ಕಲಿಲ್ಲ.

ಪುಸ್ತಕದಲ್ಲಿ ಒಂಬತ್ತು ದಾಖಲೆಗಳಾಗುವ ಹೊತ್ತಿಗೆ ಎರಡು ವಿಷಯಗಳು ತಾವಾಗಿಯೇ ಎದ್ದು ಕಂಡವು. ಆಟವು ಬಹಳ ಹೊತ್ತು ಬಿರುಸಾಗಿ ನಡೆಯುತ್ತಿದ್ದಾಗ ಯಂತ್ರವು ಆರುತ್ತಿರಲಿಲ್ಲ. ಒಂದು ದೃಶ್ಯವು ಮುಗಿದು ಇನ್ನೊಂದು ತೆರೆಯುವ ಕ್ಷಣದಲ್ಲಿಯೇ ಏಳು ಸಲ ಆರಿತ್ತು. ಆರಿದ ಮೇಲೆ ಮುಂದಿನ ಗುಂಡಿಯನ್ನು ಎಷ್ಟು ಒತ್ತಿದರೂ ಜೀವ ಬರುತ್ತಿರಲಿಲ್ಲ. ಹಿಂದುಗಡೆಯ ಸ್ವಿಚ್ಚನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಮಾತ್ರ ಏಳುತ್ತಿತ್ತು. ಈ ಎರಡೂ ಎಸ್.ಎಂ.ಪಿ.ಎಸ್. ಕಡೆಗೆ ಕೈತೋರಿದವು.

ಎಸ್.ಎಂ.ಪಿ.ಎಸ್. ಎಂದರೆ ಗೋಡೆಯ ೨೩೦ ವೋಲ್ಟನ್ನು ಒಳಗಿನ ಭಾಗಗಳಿಗೆ ಬೇಕಾದ ೧೨ ವೋಲ್ಟು ಮುಂತಾಗಿ ಇಳಿಸಿ ಕೊಡುವ ಡಬ್ಬಿ. ಮಗನ ಕಾರ್ಡಿಗೆ ಬೇಕಾದುದು ೩೨೦ ವ್ಯಾಟು. ೧೨ ವೋಲ್ಟಿನ ಲೆಕ್ಕದಲ್ಲಿ ಸುಮಾರು ೨೭ ಆಂಪಿಯರು. ಎಸ್.ಎಂ.ಪಿ.ಎಸ್. ೬೫೦ ವ್ಯಾಟಿನದು. ಕಾಗದದ ಮೇಲೆ ಕೂಡಿದರೆ ಧಾರಾಳವಾಗಿ ಸಾಲುತ್ತದೆ. ಆದರೆ ೩೨೦ ಎಂಬುದು ಸರಾಸರಿ ಮಾತ್ರ. ದೊಡ್ಡ ಕಾರ್ಡುಗಳು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ ಕಾಲ ಅದರ ಇಮ್ಮಡಿಯಷ್ಟನ್ನು ಸೆಳೆಯುವುದುಂಟು. ಮದುವೆಯ ಮನೆಯಲ್ಲಿ ಅಡಿಗೆಯು ಇನ್ನೂರು ಜನಕ್ಕೆ ಸಾಕಷ್ಟಿದ್ದರೂ ಇನ್ನೂರು ಜನವೂ ಒಂದೇ ಪಂಕ್ತಿಗೆ ನುಗ್ಗಿದರೆ ಬಡಿಸುವವರು ಸೌಟು ಕೆಳಗಿಡುವಂತೆ, ಡಬ್ಬಿಯೊಳಗಿನ ರಕ್ಷಣೆಯು ಈ ಎಳೆತವನ್ನು ಅಪಾಯವೆಂದು ತಿಳಿದು ಬಾಗಿಲು ಹಾಕಿಬಿಡುತ್ತದೆ. ೨೦೨೨ನೆಯ ಫೆಬ್ರವರಿಯಲ್ಲಿ ಇಂಟೆಲ್ ಸಂಸ್ಥೆಯು ಪ್ರಕಟಿಸಿದ ಎ.ಟಿ.ಎಕ್ಸ್. ೩.೦ ಎಂಬ ನಿಯಮಾವಳಿಯಲ್ಲಿ, ಹೊಸ ಬಗೆಯ ಕಾರ್ಡುಗಳಿಗೆಂದು ಮಾಡಿದ ೪೫೦ ವ್ಯಾಟಿಗೆ ಮೇಲ್ಪಟ್ಟ ಎಸ್.ಎಂ.ಪಿ.ಎಸ್.ಗಳು ಸೆಕೆಂಡಿನ ಹತ್ತುಸಾವಿರದಲ್ಲೊಂದು ಪಾಲಿನ ಕಾಲ ತಮ್ಮ ಶಕ್ತಿಯ ಎರಡರಷ್ಟನ್ನು ತಾಳಬೇಕೆಂದು ಹೇಳಿರುವುದು ಇದಕ್ಕಾಗಿಯೇ. ನಮ್ಮದು ಅದಕ್ಕಿಂತ ಹಿಂದಿನ ಮಾದರಿ.

ಇದು ಇನ್ನೂ ಊಹೆ. ಊಹೆಗೆ ಹಣ ಕೊಡುವುದಿಲ್ಲವೆಂದು ಈ ವೇಳೆಗೆ ನಾವು ನಿಶ್ಚಯಿಸಿದ್ದೆವು. ಮೊದಲು, ಕಾರ್ಡಿನ ಎರಡು ಸಾಕೆಟ್ಟುಗಳಿಗೂ ಒಂದೇ ಕವಲುತಂತಿಯಿಂದ ಕೊಟ್ಟಿದ್ದುದನ್ನು ತೆಗೆದು ಎರಡು ಪ್ರತ್ಯೇಕ ತಂತಿಗಳನ್ನು ಹಾಕಿದೆವು. ಹೀಗೆ ಮಾಡುವುದು ಹೇಗೂ ಒಳ್ಳೆಯದು. ಆದರೆ ಮೂರನೆಯ ಸಂಜೆ ಮತ್ತೆ ಆರಿತು. ಬಳಿಕ ಎಂ.ಎಸ್.ಐ. ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಿಂದ ಕಾರ್ಡಿನ ಶಕ್ತಿಯ ಮಿತಿಯನ್ನು ನೂರಕ್ಕೆ ಎಪ್ಪತ್ತಕ್ಕೆ ಇಳಿಸಿದೆವು. ನಾಲ್ಕು ಸಂಜೆಗಳು ಆರಲಿಲ್ಲ. ಮತ್ತೆ ನೂರಕ್ಕೆ ಏರಿಸಿದೆವು. ಎರಡನೆಯ ಸಂಜೆಯೇ ಆರಿತು. ಆಗ ಮಗನು ನಗುತ್ತ, "ಅಪ್ಪ, ಆರಿದ್ದಕ್ಕೆ ಸಂತೋಷವಾದದ್ದು ಇದೇ ಮೊದಲು" ಎಂದನು.

ಅವನ ಸ್ನೇಹಿತನೊಬ್ಬನು ೮೫೦ ವ್ಯಾಟಿನ ಹೊಸ ಮಾದರಿಯ ಎಸ್.ಎಂ.ಪಿ.ಎಸ್. ಒಂದನ್ನು ಎರಡು ವಾರಕ್ಕೆ ಎರವು ಕೊಟ್ಟನು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಳಚಿ ತೆಗೆಯಬಹುದಾದ ತಂತಿಗಳುಳ್ಳ ಎಸ್.ಎಂ.ಪಿ.ಎಸ್.ಗಳಲ್ಲಿ ಒಂದರ ತಂತಿಯನ್ನು ಇನ್ನೊಂದಕ್ಕೆ ಎಂದಿಗೂ ಹಾಕಕೂಡದು. ಪ್ಲಗ್ಗು ಸರಿಯಾಗಿ ಕುಳಿತರೂ ಒಳಗಿನ ಪಿನ್ನುಗಳ ಕ್ರಮವು ಬೇರೆಯಾಗಿರಬಹುದು. ಆಗ ಡಿಸ್ಕೋ ಬೋರ್ಡೋ ಸುಟ್ಟುಹೋಗುತ್ತದೆ. ಪೆಟ್ಟಿಗೆಗೆ ಕೈಹಾಕುವ ಮೊದಲು ಗೋಡೆಯಿಂದ ತಂತಿಯನ್ನು ಕಿತ್ತಿರಬೇಕು. ಎಸ್.ಎಂ.ಪಿ.ಎಸ್. ಡಬ್ಬಿಯನ್ನಂತೂ ಮನೆಯಲ್ಲಿ ಬಿಚ್ಚಲೇಕೂಡದು. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ತಂತಿ ಕಿತ್ತ ಮೇಲೂ ೪೦೦ ವೋಲ್ಟಿನ ಹತ್ತಿರದವರೆಗೆ ವಿದ್ಯುತ್ತು ಉಳಿದಿರಬಹುದು. ಅದು ಪ್ರಾಣಕ್ಕೆ ಅಪಾಯ.

ಕಾರ್ಡನ್ನು ಪೂರ್ಣ ಶಕ್ತಿಯಲ್ಲಿಯೇ ಬಿಟ್ಟು ಎರಡು ವಾರ ಆಡಿದರೂ ಪುಸ್ತಕದಲ್ಲಿ ಬರೆಯುವಂಥದೇನೂ ನಡೆಯಲಿಲ್ಲ. ಅಂಥದೇ ಒಂದು ಎಸ್.ಎಂ.ಪಿ.ಎಸ್. ಕೊಂಡುತಂದೆವು, ರಿಪೇರಿಯವರು ಬರೆದುಕೊಟ್ಟ ಲೆಕ್ಕದ ಅರ್ಧವೂ ಆಗಲಿಲ್ಲ. ಮದರ್ ಬೋರ್ಡೂ ಪ್ರೊಸೆಸರೂ ಸರಿಯಾಗಿಯೇ ಇದ್ದವು. ನಾನು ಹಳಿದಿದ್ದ ಆ ಹಳೆಯ ಕಾರ್ಡಿನಲ್ಲಿಯೂ ದೋಷವಿರಲಿಲ್ಲವೆಂದು ಮಗನಿಗೆ ಅವನ ಅಜ್ಜಿಯ ಎದುರಿನಲ್ಲಿಯೇ ಹೇಳಿದೆನು. ಅವನು "ಇರಲಿ ಬಿಡಿ ಅಪ್ಪ" ಎಂದನು.

ಹಳೆಯ ಎಸ್.ಎಂ.ಪಿ.ಎಸ್. ಕೂಡ ಕೆಟ್ಟಿರಲಿಲ್ಲ. ದೊಡ್ಡ ಕಾರ್ಡಿಲ್ಲದ ಯಂತ್ರಕ್ಕೆ ಅದು ಬೇಕಾದಷ್ಟಾಯಿತು. ಮನೆಯ ಲೆಕ್ಕಪತ್ರಗಳನ್ನು ಬರೆಯಲು ನನ್ನ ಹೆಂಡತಿಯು ಬಳಸುವ ಕಂಪ್ಯೂಟರಿಗೆ ಮಗನು ಅದನ್ನು ಜೋಡಿಸಿಕೊಟ್ಟಿದ್ದಾನೆ. ಈವರೆಗೆ ಒಮ್ಮೆಯೂ ಆರಿಲ್ಲ.