ಬೇಸಾಯಗಾರರೂ ಮೈ ನೀಡುವ ಅಭ್ಯಾಸವೂ

ಬೇಸಾಯದ ಸಾಧನಗಳಲ್ಲಿ ನೇಗಿಲು, ಕುಂಟೆ, ಕೂರಿಗೆಗಳಿಗಿಂತ ಮೊದಲು ಎಣಿಸತಕ್ಕದ್ದು ಬೇಸಾಯಗಾರನ ಶರೀರವನ್ನು. ಗುಳ ಸವೆದರೆ ಹೊಸದನ್ನು ಹಾಕಿಸಬಹುದು. ಸೊಂಟ ಹಿಡಿದರೆ ಬದಲಿ ಸೊಂಟವು ಯಾವ ಸಂತೆಯಲ್ಲಿಯೂ ದೊರೆಯುವುದಿಲ್ಲ. ಮಲಗಿದ್ದ ಎತ್ತು ಎದ್ದೊಡನೆ ಬೆನ್ನು ಬಾಗಿಸಿ, ಕಾಲು ನೀಡಿ ಮೈ ಮುರಿದರೆ ಅದು ಆರೋಗ್ಯದ ಲಕ್ಷಣವೆಂದು ದನ ಸಾಕಿದವರೆಲ್ಲರೂ ಬಲ್ಲರು. ಅದೇ ಕೆಲಸವನ್ನು ಮನುಷ್ಯನು ಕ್ರಮವರಿತು ನಿತ್ಯವೂ ಮಾಡಿದರೆ ಆಗುವ ಪ್ರಯೋಜನವೇನು, ಅದರಿಂದ ಆಗದಿರುವುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೊಲದ ದುಡಿಮೆಯೇ ಸಾಲದೆ?

ದಿನವಿಡೀ ದುಡಿಯುವವನಿಗೆ ಬೇರೆ ಅಂಗಸಾಧನೆ ಏತಕ್ಕೆಂದು ಅನೇಕರು ಕೇಳುವುದುಂಟು. ದುಡಿಮೆಯಿಂದ ಬಲವೂ ದಮ್ಮೂ ಬರುವುದು ನಿಜ. ಆದರೆ ಅದು ಶರೀರವನ್ನು ಎಲ್ಲ ಕಡೆಗೂ ಸಮನಾಗಿ ಆಡಿಸುವುದಿಲ್ಲ. ನಾಟಿ ಹಾಕುವ ಹೆಂಗಸರು ಗಂಟೆಗಟ್ಟಲೆ ಸೊಂಟ ಬಗ್ಗಿಸಿಯೇ ಇರುತ್ತಾರೆ. ಅಡಿಕೆ ಸುಲಿಯುವವರು ಕತ್ತು ತಗ್ಗಿಸಿ ನಡುರಾತ್ರಿಯವರೆಗೆ ಕುಳಿತಿರುತ್ತಾರೆ. ಟ್ರಾಕ್ಟರು ನಡೆಸುವವನಿಗೂ, ಲೆಕ್ಕಪತ್ರ ನೋಡುತ್ತ ಕುಳಿತ ಜಮೀನುದಾರನಿಗೂ ತೊಡೆಯ ಸಂದು ಮಡಿಸಿಯೇ ಇರುತ್ತದೆ. ಯಾವ ಕಡೆಗೆ ಕೀಲನ್ನು ಆಡಿಸುವುದಿಲ್ಲವೋ ಆ ಕಡೆಗೆ ಅದರ ಆಟವು ಕ್ರಮೇಣ ಕಡಮೆಯಾಗುತ್ತದೆ. ವಯಸ್ಸು ಏರಿದಂತೆ ಇದು ಮತ್ತಷ್ಟು ಹೆಚ್ಚುತ್ತದೆ. 2020ರಲ್ಲಿ ಲೋಕದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ.

ಪ್ರಯೋಜನವೂ ಅದರ ಮಿತಿಯೂ

ಮೂರು ನಾಲ್ಕು ವಾರ ಬಿಡದೆ ಅಭ್ಯಾಸ ಮಾಡಿದಲ್ಲಿ ಕೀಲುಗಳು ಹೆಚ್ಚು ದೂರ ಆಡತೊಡಗುತ್ತವೆ. ಸೆಳೆತವನ್ನು ತಾಳಿಕೊಳ್ಳುವ ಶಕ್ತಿಯು ನರಗಳಿಗೆ ಬರುವುದೇ ಇದಕ್ಕೆ ಮುಖ್ಯ ಕಾರಣ. ನೆಲದ ಮೇಲೆ ಕುಳಿತು ಏಳುವುದು, ಅಟ್ಟದ ಮೇಲಿನ ಪದಾರ್ಥವನ್ನು ತೆಗೆಯುವುದು, ಬದುವನ್ನು ದಾಟುವುದು, ಬಂಡಿಯನ್ನು ಹತ್ತುವುದು ಇವೆಲ್ಲವೂ ಸುಲಭವಾಗುತ್ತವೆ. ಅಭ್ಯಾಸ ಬಿಟ್ಟರೆ ಬಂದ ಗುಣವು ಮೆಲ್ಲಮೆಲ್ಲನೆ ಹೋಗುತ್ತದೆ.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಮೊದಲ ದಿನದ ಹೊಸ ಕೆಲಸದಿಂದ ಬರುವ ಮೈಕೈನೋವನ್ನು ಇದು ಹೇಳತಕ್ಕಷ್ಟು ತಗ್ಗಿಸುವುದಿಲ್ಲ. ನಡಿಗೆಗೂ ಬಲ ಬೆಳೆಸುವ ಕೆಲಸಕ್ಕೂ ಬದಲಿಯಾಗಲಾರದು. ಭಾರ ಎತ್ತುವುದಕ್ಕೆ ಸ್ವಲ್ಪ ಮುಂಚೆ ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಕಾಲ ಸೆಳೆದು ಹಿಡಿದರೆ ಅದರ ಬಲವು ತಾತ್ಕಾಲಿಕವಾಗಿ ಕುಂದುತ್ತದೆ.

ಅನುಸರಿಸತಕ್ಕ ಕ್ರಮ

ಮೈ ಬೆಚ್ಚಗಿರುವಾಗ, ಎಂದರೆ ಸ್ವಲ್ಪ ನಡೆದ ಮೇಲೆ ಅಥವಾ ಕೆಲಸ ಮುಗಿದ ಮೇಲೆ, ಇದನ್ನು ಮಾಡತಕ್ಕದ್ದು. ಒಂದೊಂದು ಭಂಗಿಯಲ್ಲಿಯೂ 10ರಿಂದ 30 ಸೆಕೆಂಡು ನಿಂತು, 2ರಿಂದ 4 ಸಾರಿ ಮಾಡಬೇಕೆಂದೂ, ವಾರಕ್ಕೆ 2-3 ದಿನಗಳಿಗೆ ಕಡಮೆಯಿಲ್ಲದೆ ಅಭ್ಯಾಸವಿರಬೇಕೆಂದೂ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಎಂಬ ಸಂಸ್ಥೆಯು 2011ರಲ್ಲಿ ಸಲಹೆ ಮಾಡಿತು. ವಯಸ್ಸಾದವರು 30ರಿಂದ 60 ಸೆಕೆಂಡು ನಿಲ್ಲಬಹುದು. ದಿನವೂ ಮಾಡಿದರೆ ಉತ್ತಮ.

(1) ಬೆರಳುಗಳನ್ನು ಹೆಣೆದು, ಅಂಗೈ ಮೇಲ್ಮುಖವಾಗಿ, ಕೈಗಳನ್ನು ತಲೆಯ ಮೇಲಕ್ಕೆ ನೀಡುವುದು.
(2) ಅಂಗೈಗಳನ್ನು ಸೊಂಟದ ಹಿಂದೆ ಊರಿ, ಮೆಲ್ಲನೆ ಹಿಂದಕ್ಕೆ ಬಾಗುವುದು.
(3) ಒಂದು ಹಿಮ್ಮಡಿಯನ್ನು ತಗ್ಗಾದ ಕಟ್ಟೆಯ ಮೇಲಿಟ್ಟು, ಬೆನ್ನು ನೆಟ್ಟಗಿರಿಸಿ, ತೊಡೆಯ ಹಿಂಭಾಗವು ಬಿಗಿಯಾಗುವವರೆಗೆ ಮುಂದಕ್ಕೆ ವಾಲುವುದು.
(4) ಗೋಡೆಗೆ ಕೈಗಳನ್ನು ಕೊಟ್ಟು, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತುವುದು.
(5) ಕಿವಿಯನ್ನು ಅದೇ ಕಡೆಯ ಭುಜದತ್ತ ಮೆಲ್ಲನೆ ವಾಲಿಸುವುದು. ಅನಂತರ ಮತ್ತೊಂದು ಕಡೆಗೆ.

ಉಸಿರು ಕಟ್ಟಬಾರದು, ಜಗ್ಗಿ ಜಗ್ಗಿ ಎಳೆಯಬಾರದು. ಬಿಗಿ ತೋರಬೇಕೇ ಹೊರತು ನೋವು ತೋರಬಾರದು. ಹೊಸದಾಗಿ ಪೆಟ್ಟಾದವರೂ, ಮೂಳೆ ಸವೆದವರೂ, ಗರ್ಭಿಣಿಯರೂ ವೈದ್ಯರನ್ನು ಕೇಳಿ ಮಾಡತಕ್ಕದ್ದು. ಸೊಂಟನೋವಿನ ಸಂಗಡ ಕಾಲಿನ ಬಲ ಕುಂದಿದರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಗ್ಗಿ ದುಡಿದ ಮೇಲೆ ಭಾರ ಎತ್ತುವ ವಿಷಯ

ಬಹಳ ಹೊತ್ತು ಬಗ್ಗಿದ್ದರೆ ಬೆನ್ನೆಲುಬಿನ ಕಟ್ಟುಗಳು ಸಡಿಲವಾಗುತ್ತವೆ. ಮತ್ತೆ ಬಿಗಿಯಾಗಲು ಹೊತ್ತು ಹಿಡಿಯುತ್ತದೆ. ಆದಕಾರಣ ನಾಟಿಯಿಂದ ಎದ್ದೊಡನೆ ಸಸಿಯ ಹೊರೆಯನ್ನಾಗಲಿ ಗೊಬ್ಬರದ ಚೀಲವನ್ನಾಗಲಿ ಎತ್ತಬಾರದು. ಮೊದಲು ನೆಟ್ಟಗೆ ನಿಂತು, ಮೇಲೆ ಹೇಳಿದ 2ನೆಯ ಭಂಗಿಯನ್ನು ಮೆಲ್ಲನೆ ಮಾಡಿ, ಕೆಲವು ನಿಮಿಷ ಬದುವಿನ ಮೇಲೆ ನಡೆದಾಡತಕ್ಕದ್ದು.

ಊರಿನ ಪ್ರಮುಖರು ಮಾಡಬಹುದಾದುದು

ಇದು ಹೊಸ ವಿದ್ಯೆಯೇನೂ ಅಲ್ಲ. ಟಿ. ಕೃಷ್ಣಮಾಚಾರ್ಯರ ‘ಯೋಗಮಕರಂದ’ವು 1934ರಲ್ಲಿಯೇ ಕನ್ನಡದಲ್ಲಿ ಪ್ರಕಟವಾಯಿತು. ಜಪಾನಿನಲ್ಲಿ 1928ರಲ್ಲಿ ರೇಡಿಯೋ ಮೂಲಕ ಆರಂಭವಾದ ಕೆಲವೇ ನಿಮಿಷಗಳ ಅಂಗಸಾಧನೆಯನ್ನು ಶಾಲೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಜನರು ಇಂದಿಗೂ ಗುಂಪುಗೂಡಿ ಮಾಡುತ್ತಾರೆ. ಗುಂಪಿನಲ್ಲಿ ಮಾಡಿದ ಅಭ್ಯಾಸವು ಬೇಗ ತಪ್ಪಿಹೋಗುವುದಿಲ್ಲ.

ನಾಟಿಯ ಕಾಲದಲ್ಲಿ ಆಳುಗಳು ಗಂಟೆಗೊಮ್ಮೆ ಎರಡು ಮೂರು ನಿಮಿಷ ನೆಟ್ಟಗೆ ನಿಂತು ಮೈ ನೀಡುವುದನ್ನು ಸೋಮಾರಿತನವೆಂದು ಗದರಿಸುವುದು ಜಮೀನುದಾರರಿಗೆ ತರವಲ್ಲ. ಅಷ್ಟು ಹೊತ್ತಿಗಾಗಿ ಕೂಲಿಯನ್ನು ಮುರಿದುಕೊಳ್ಳುವುದೂ ನ್ಯಾಯವಲ್ಲ. ನಾಟಿಯ ಮಧ್ಯದಲ್ಲಿ ಒಬ್ಬಾಕೆ ಸೊಂಟ ಹಿಡಿದು ಮಲಗಿದರೆ ಗದ್ದೆಗೆ ಒಂದು ಆಳು ಕಡಮೆ. ಆಕೆಯ ಮನೆಗಾದರೋ ಅಂದಿನ ಕೂಲಿಯೇ ಇಲ್ಲ. ಮೈ ನೀಡುವುದರ ಜೊತೆಗೆ, ನಿಂತೇ ಕಳೆ ತೆಗೆಯಲು ಬರುವ ಉದ್ದ ಹಿಡಿಯ ಸಲಕರಣೆಗಳನ್ನು ಒದಗಿಸುವುದೂ, ಒಬ್ಬರನ್ನೇ ಒಂದೇ ಕೆಲಸದಲ್ಲಿ ನಿಲ್ಲಿಸದೆ ಸರದಿಯಿಂದ ಬದಲಾಯಿಸುವುದೂ ಅವಶ್ಯಕ. ಬರುವ ನಾಟಿಯಲ್ಲಿ ಗ್ರಾಮದ ಪ್ರಮುಖರು ತಮ್ಮ ಗದ್ದೆಗಳಲ್ಲಿಯೇ ಇದನ್ನು ಮೊದಲು ಜಾರಿಗೆ ತಂದರೆ, ಉಳಿದ ರೈತರೂ ನೋಡಿ ಅನುಸರಿಸುವರು.