ಪೌರತ್ವ: ಬಹುಮಾನವೋ, ಬಂಡವಾಳವೋ?

ಸರಕು ಗಡಿ ದಾಟುವುದು ಸುಂಕದ ರಸೀದಿಯೊಂದಿಗೆ ಮುಗಿಯುವ ವ್ಯವಹಾರ. ಬಂಡವಾಳ ಗಡಿ ದಾಟಲು ಬ್ಯಾಂಕಿನ ಒಂದು ಆದೇಶ ಸಾಕು. ದುಡಿಯುವ ಕೈಗಳು ಗಡಿ ದಾಟಿದಾಗ ಮಾತ್ರ ಲೆಕ್ಕ ಅಷ್ಟು ಸುಲಭವಾಗಿ ಚುಕ್ತಾ ಆಗುವುದಿಲ್ಲ. ಆ ಕೈಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅವನ ಹಿಂದೆ ಹೆಂಡತಿ, ಮಕ್ಕಳು, ಬಾಡಿಗೆ ಮನೆ, ಶಾಲೆಯ ಶುಲ್ಕಗಳಿವೆ. ಕೆಲವು ವರ್ಷ ಕಳೆದ ಮೇಲೆ ಅವನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ: ನಾನು ಈ ಊರಿನವನೇ, ಅಲ್ಲವೇ?

ಈ ಪ್ರಶ್ನೆ ಯುರೋಪಿನ ರಾಜಕೀಯವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕಾಡುತ್ತಿದೆ. ಅಲ್ಲಿನ ವಾದವನ್ನು ಎರಡು ಮಾತುಗಳಲ್ಲಿ ಹೇಳಬಹುದು. ವಲಸಿಗನು ಭಾಷೆ ಕಲಿತು, ಕೆಲಸದಲ್ಲಿ ನೆಲೆನಿಂತು, ಸಮಾಜದಲ್ಲಿ ಬೆರೆತ ಮೇಲೆ ಕೊನೆಯಲ್ಲಿ ಕೊಡಬೇಕಾದ ಬಹುಮಾನವೇ ಪೌರತ್ವ ಎಂಬುದು ಒಂದು ಪಕ್ಷ. ಪೌರತ್ವ ಕೈಗೆ ಬಂದಾಗಲೇ ಅವನು ಬೇರೂರಲು ಆರಂಭಿಸುತ್ತಾನೆ, ಆದ್ದರಿಂದ ಅದು ಆರಂಭದ ಬಂಡವಾಳ ಎಂಬುದು ಇನ್ನೊಂದು ಪಕ್ಷ. ಬಹುಕಾಲ ಇದು ಅಭಿಪ್ರಾಯಗಳ ಜಗಳವಾಗಿಯೇ ಉಳಿದಿತ್ತು. ಇದಕ್ಕೆ ಅಂಕಿಗಳ ಉತ್ತರ ದೊರೆತದ್ದು ಸ್ವಿಟ್ಜರ್ಲೆಂಡಿನ ಸಣ್ಣ ಪಟ್ಟಣಗಳ ಮತಪೆಟ್ಟಿಗೆಗಳಿಂದ.

ಕಾರ್ಖಾನೆಗಳು ಕರೆದ ಜನ

ಎರಡನೆಯ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳು ಹೆಚ್ಚಿನ ಹಾನಿಯಿಲ್ಲದೆ ಉಳಿದವು. ಬೇಡಿಕೆ ಇತ್ತು, ಯಂತ್ರಗಳಿದ್ದವು, ಆಳುಗಳು ಸಾಲದಾದರು. 1948ರಲ್ಲಿ ಆ ದೇಶ ಇಟಲಿಯೊಂದಿಗೆ ಕಾರ್ಮಿಕರ ನೇಮಕಾತಿ ಒಪ್ಪಂದ ಮಾಡಿಕೊಂಡಿತು. ಇಟಲಿಯವರ ನಂತರ ಸ್ಪೇನ್, ಯುಗೊಸ್ಲಾವಿಯಾ, ಪೋರ್ಚುಗಲ್ ಮತ್ತು ಟರ್ಕಿ ದೇಶಗಳವರೂ ಬಂದರು. ಬಹಳ ಮಂದಿಗೆ ದೊರೆತದ್ದು ಹಂಗಾಮಿ ಪರವಾನಗಿ ಮಾತ್ರ. ವರ್ಷಕ್ಕೆ ಒಂಬತ್ತು ತಿಂಗಳು ದುಡಿದು ಮರಳಬೇಕು, ಸಂಸಾರವನ್ನು ಕರೆತರುವಂತಿಲ್ಲ ಎಂಬುದು ಅದರ ಷರತ್ತು. ಈ ಪದ್ಧತಿ 2002ರಲ್ಲಷ್ಟೇ ಪೂರ್ಣವಾಗಿ ಕೊನೆಗೊಂಡಿತು.

ಆಳುಗಳನ್ನು ಸರದಿಯಂತೆ ಬದಲಾಯಿಸುತ್ತಿರಬಹುದು ಎಂಬುದು ಸರ್ಕಾರದ ಆರಂಭಿಕ ಎಣಿಕೆಯಾಗಿತ್ತು. ಆದರೆ ಕೆಲಸ ಕಲಿತ ಕೈಯನ್ನು ಪ್ರತಿವರ್ಷ ಕಳೆದುಕೊಂಡು ಹೊಸಬರಿಗೆ ಮೊದಲಿನಿಂದ ಕಲಿಸುವುದು ಎಷ್ಟು ದುಬಾರಿ ಎಂಬುದನ್ನು ಕಾರ್ಖಾನೆ ನಡೆಸುವವರಿಗೆ ಹೇಳಿಕೊಡಬೇಕಾಗಿಲ್ಲ. ಬಂದವರಲ್ಲಿ ಅನೇಕರು ಉಳಿದರು. ಜೊತೆಯಲ್ಲೇ ವಿರೋಧವೂ ಬೆಳೆಯಿತು. ವಿದೇಶಿಯರ ಪ್ರಮಾಣವನ್ನು ಜಿನೀವಾ ಹೊರತು ಪ್ರತಿಯೊಂದು ಪ್ರಾಂತ್ಯದಲ್ಲಿಯೂ ಶೇಕಡಾ 10ಕ್ಕೆ ಮಿತಿಗೊಳಿಸಬೇಕೆಂದು ಸಂಸತ್ ಸದಸ್ಯ ಜೇಮ್ಸ್ ಶ್ವಾರ್ಜೆನ್‌ಬಾಖ್ ಮುಂದಿಟ್ಟ ಪ್ರಸ್ತಾವ 1970ರ ಜೂನ್ 7ರಂದು ಜನಮತಕ್ಕೆ ಬಂತು. ಸರ್ಕಾರ ಮತ್ತು ಉದ್ಯಮ ವಲಯಗಳು ಅದನ್ನು ವಿರೋಧಿಸಿದವು. ಶೇಕಡಾ 54ರಷ್ಟು ಮತದಾರರು ಪ್ರಸ್ತಾವವನ್ನು ತಿರಸ್ಕರಿಸಿದರು. ಮತ ಹಾಕಿದವರೆಲ್ಲರೂ ಪುರುಷರು ಎಂಬುದು ಗಮನಾರ್ಹ. ಆ ದೇಶದ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಬಂದದ್ದು 1971ರಲ್ಲಿ.

ಮತಪೆಟ್ಟಿಗೆಯ ಮುಂದೆ ಅರ್ಜಿ

ಸ್ವಿಟ್ಜರ್ಲೆಂಡಿನಲ್ಲಿ ಪೌರತ್ವ ಮೊದಲು ಊರಿನದು, ಅನಂತರ ಪ್ರಾಂತ್ಯದ್ದು, ಆ ಬಳಿಕ ದೇಶದ್ದು. ಹೀಗಾಗಿ ಅರ್ಜಿಯ ನಿಜವಾದ ಪರೀಕ್ಷೆ ಸ್ಥಳೀಯ ಸಂಸ್ಥೆಯಲ್ಲಿಯೇ ನಡೆಯುತ್ತದೆ. ಕೆಲವು ಊರುಗಳು ಈ ತೀರ್ಮಾನವನ್ನು ನೇರವಾಗಿ ಮತದಾರರ ಕೈಗೆ ಬಿಟ್ಟಿದ್ದವು. ಅರ್ಜಿದಾರನ ವಯಸ್ಸು, ಮೂಲ ದೇಶ, ಉದ್ಯೋಗ, ವಾಸದ ಅವಧಿ ಮೊದಲಾದ ವಿವರಗಳ ಕಿರುಹೊತ್ತಗೆ ಮನೆಮನೆಗೆ ತಲುಪುತ್ತಿತ್ತು. ಬಳಿಕ ಪ್ರತಿಯೊಂದು ಅರ್ಜಿಗೂ ಹೌದು ಅಥವಾ ಅಲ್ಲ ಎಂಬ ಗುಪ್ತ ಮತದಾನ.

ಲುಸೆರ್ನ್ ಪ್ರಾಂತ್ಯದ ಎಮ್ಮೆನ್ ಇಂತಹ ಒಂದು ಪಟ್ಟಣ. ಉಕ್ಕು ಮತ್ತು ಕೃತಕ ರೇಷ್ಮೆಯ ಕಾರ್ಖಾನೆಗಳಿಂದ ಬೆಳೆದ ಊರು. ಹೊರಗಿನಿಂದ ಬಂದ ಕಾರ್ಮಿಕರು ಅಲ್ಲಿಗೆ ಹೊಸಬರಲ್ಲ. 2000ದ ಮಾರ್ಚ್ 12ರಂದು ಅಲ್ಲಿನ ಮತದಾರರ ಮುಂದೆ 23 ಅರ್ಜಿಗಳಿದ್ದವು, ಒಟ್ಟು 56 ಜನರ ಭವಿಷ್ಯ. ಇಟಲಿ ಮೂಲದ ಎಂಟು ಮಂದಿಗೆ ಒಪ್ಪಿಗೆ ಸಿಕ್ಕಿತು. ಉಳಿದ 48 ಮಂದಿ ತಿರಸ್ಕೃತರಾದರು. ಅವರಲ್ಲಿ ಹೆಚ್ಚಿನವರು ಹಿಂದಿನ ಯುಗೊಸ್ಲಾವಿಯಾ ಮೂಲದವರು. ತಿರಸ್ಕಾರಕ್ಕೆ ಕಾರಣವೇನೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಮತಪೆಟ್ಟಿಗೆ ಕಾರಣ ಬರೆದು ಕೊಡುವುದಿಲ್ಲ.

ಯೆನ್ಸ್ ಹೈನ್‌ಮ್ಯುಲ್ಲರ್ ಮತ್ತು ಡೊಮಿನಿಕ್ ಹಾಂಗಾರ್ಟ್ನರ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು ಈ ಹಳೆಯ ಕಿರುಹೊತ್ತಗೆಗಳನ್ನೂ ಮತಗಳ ಎಣಿಕೆಯನ್ನೂ ಕಲೆಹಾಕಿದರು. 1970ರಿಂದ 2003ರವರೆಗಿನ ಸುಮಾರು 2,400 ಅರ್ಜಿಗಳ ಅವರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಭಾಷಾಜ್ಞಾನ, ಉದ್ಯೋಗ, ಊರಿನಲ್ಲಿ ಬೆರೆತ ರೀತಿ ಇವೆಲ್ಲಕ್ಕಿಂತ ಮೂಲ ದೇಶವೇ ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸಿತ್ತು. ಉಳಿದೆಲ್ಲ ವಿವರಗಳು ಸಮಾನವಾಗಿದ್ದರೂ, ಉತ್ತರ ಮತ್ತು ಪಶ್ಚಿಮ ಯುರೋಪಿನ ಶ್ರೀಮಂತ ದೇಶಗಳಿಂದ ಬಂದವರಿಗೆ ಹೋಲಿಸಿದರೆ ಯುಗೊಸ್ಲಾವಿಯಾ ಮತ್ತು ಟರ್ಕಿ ಮೂಲದವರ ವಿರುದ್ಧ ಬಿದ್ದ ಮತಗಳ ಪ್ರಮಾಣ ಸರಾಸರಿ ಸುಮಾರು ಶೇಕಡಾ 40ರಷ್ಟು ಅಧಿಕವಾಗಿತ್ತು.

ಕೂದಲೆಳೆಯ ಅಂತರ

ಈ ಕಡತಗಳಿಂದಲೇ ಇನ್ನೂ ಮಹತ್ವದ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯವಾಯಿತು. ಪೌರತ್ವ ಪಡೆದವರು ಪಡೆಯದವರಿಗಿಂತ ಹೆಚ್ಚು ಗಳಿಸುತ್ತಾರೆ ಎಂದು ತೋರಿಸುವುದು ಸುಲಭ. ಆದರೆ ಚುರುಕಾದವರೇ ಪೌರತ್ವ ಪಡೆದಿರಬಹುದಲ್ಲ? ಗಳಿಕೆಗೆ ಕಾರಣ ಪೌರತ್ವವೋ, ವ್ಯಕ್ತಿಯ ಸಾಮರ್ಥ್ಯವೋ ತಿಳಿಯುವುದು ಹೇಗೆ?

ಸಂಶೋಧಕರು ಕಂಡುಕೊಂಡ ದಾರಿ ಸರಳ. ಶೇಕಡಾ 51 ಮತ ಪಡೆದು ಗೆದ್ದವನಿಗೂ ಶೇಕಡಾ 49 ಪಡೆದು ಸೋತವನಿಗೂ ಯೋಗ್ಯತೆಯಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಒಬ್ಬನಿಗೆ ಪೌರತ್ವ ಬಂತು, ಇನ್ನೊಬ್ಬನಿಗೆ ಬರಲಿಲ್ಲ; ಇದು ಬಹುಮಟ್ಟಿಗೆ ಅದೃಷ್ಟದ ಆಟ. ಹಲವು ವರ್ಷಗಳ ನಂತರ ಈ ಇಬ್ಬರ ಸ್ಥಿತಿಯಲ್ಲಿ ಅಂತರ ಕಂಡರೆ ಅದನ್ನು ಪೌರತ್ವದ ಖಾತೆಗೆ ಜಮಾ ಮಾಡಬಹುದು.

ಜುಸೆಪ್ಪೆ ಪಿಯೆತ್ರಾಂತುವೊನೊ ಅವರೊಂದಿಗೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೂದಲೆಳೆಯ ಅಂತರದಲ್ಲಿ ಗೆದ್ದವರು ಮುಂದೆ ಸ್ಥಳೀಯ ಸಮಾಜದಲ್ಲಿ ಹೆಚ್ಚು ಬೆರೆತಿದ್ದರು. ಸಂಘ ಸಂಸ್ಥೆಗಳ ಸದಸ್ಯತ್ವ, ಸ್ವಿಸ್ ಪತ್ರಿಕೆಗಳ ಓದು, ಅಲ್ಲಿಯೇ ಕೊನೆಯವರೆಗೆ ನೆಲೆಸುವ ಇರಾದೆ ಮೊದಲಾದವುಗಳಿಂದ ಇದನ್ನು ಅಳೆಯಲಾಗಿತ್ತು. ಹೆಚ್ಚು ಕಡೆಗಣಿತರಾದ ಗುಂಪುಗಳಲ್ಲಿ, ಹಾಗೂ ಪೌರತ್ವ ಬೇಗ ದೊರೆತವರಲ್ಲಿ ಈ ಪರಿಣಾಮ ಇನ್ನಷ್ಟು ಗಾಢವಾಗಿತ್ತು. ಡಾಲ್ಸ್ಟನ್ ವಾರ್ಡ್ ಅವರೊಂದಿಗೆ 2019ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನ ಸಂಪಾದನೆಯನ್ನು ಪರಿಶೀಲಿಸಿತು. ಪೌರತ್ವ ಪಡೆದವರ ವಾರ್ಷಿಕ ಗಳಿಕೆ ಮುಂದಿನ 15 ವರ್ಷಗಳಲ್ಲಿ ಸರಾಸರಿ ಸುಮಾರು 5,000 ಡಾಲರುಗಳಷ್ಟು ಹೆಚ್ಚಾಗಿತ್ತು. ಇಲ್ಲಿಯೂ ಲಾಭದ ಸಿಂಹಪಾಲು ಕೆಳಸ್ತರದಲ್ಲಿದ್ದವರಿಗೇ ಸಂದಿತು.

ಇದರ ಮರ್ಮ ವ್ಯಾಪಾರಸ್ಥರಿಗೆ ಅರ್ಥವಾಗದ್ದೇನಲ್ಲ. ಅಂಗಡಿಯ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದಾದರೆ ಯಾರೂ ಗೋಡೆಗೆ ಹೊಸ ಕಪಾಟು ಕೂರಿಸುವುದಿಲ್ಲ. ನಾಳೆ ಇಲ್ಲಿರುತ್ತೇನೆಂಬ ಭರವಸೆ ಇದ್ದವನು ಭಾಷೆ ಕಲಿಯುತ್ತಾನೆ, ಕಸುಬು ಹೆಚ್ಚಿಸಿಕೊಳ್ಳುತ್ತಾನೆ. ಅವನು ಉಳಿಯುತ್ತಾನೆಂದು ತಿಳಿದ ಮಾಲೀಕನೂ ಅವನಿಗೆ ಜವಾಬ್ದಾರಿಯ ಕೆಲಸ ಕೊಡಲು ಹಿಂಜರಿಯುವುದಿಲ್ಲ.

ಕಾರಣ ಹೇಳಬೇಕಾದಾಗ

2003ರ ಜುಲೈ 9ರಂದು ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ ಮತಪೆಟ್ಟಿಗೆಯ ಮೂಲಕ ಪೌರತ್ವ ನಿರ್ಧರಿಸುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ತಿರಸ್ಕರಿಸುವುದಾದರೆ ಕಾರಣ ಕೊಡಬೇಕು, ಗುಪ್ತ ಮತದಾನದಲ್ಲಿ ಅದು ಅಸಾಧ್ಯ ಎಂಬುದು ತೀರ್ಪಿನ ತಿರುಳು. ಹಳೆಯ ಪದ್ಧತಿಗೆ ಮತ್ತೆ ಅವಕಾಶ ಕೋರಿದ ಪ್ರಸ್ತಾವವನ್ನು 2008ರ ಜೂನ್ 1ರಂದು ಸುಮಾರು ಶೇಕಡಾ 64ರಷ್ಟು ಮತದಾರರು ತಳ್ಳಿಹಾಕಿದರು.

ಅನೇಕ ಊರುಗಳಲ್ಲಿ ತೀರ್ಮಾನದ ಅಧಿಕಾರ ಚುನಾಯಿತ ಪ್ರತಿನಿಧಿಗಳಿಗೆ ವರ್ಗವಾಯಿತು. ಸುಮಾರು 1,400 ಊರುಗಳ 1991ರಿಂದ 2009ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ, ಈ ಬದಲಾವಣೆಯ ಬಳಿಕ ಪೌರತ್ವ ನೀಡಿಕೆಯ ದರ ಸುಮಾರು ಶೇಕಡಾ 60ರಷ್ಟು ಏರಿದ್ದು ಕಂಡುಬಂತು. ಪ್ರತಿನಿಧಿಗಳು ಮತದಾರರಿಗಿಂತ ಉದಾರಿಗಳೆಂದು ಇದರ ಅರ್ಥವಲ್ಲ. ನ್ಯಾಯಾಲಯದ ಮುಂದೆ ಸಮರ್ಥಿಸಿಕೊಳ್ಳಬೇಕಾದ ಕಾರಣವನ್ನು ಕಾಗದದ ಮೇಲೆ ಬರೆಯಬೇಕಾಗಿ ಬಂದಾಗ ಪೂರ್ವಗ್ರಹಕ್ಕೆ ಎಡೆ ಕಡಿಮೆಯಾಗುತ್ತದೆ ಎಂಬುದು ಸಂಶೋಧಕರ ವಿವರಣೆ.

ಕಾಯುವಿಕೆಯ ಬೆಲೆ

ತೀರ್ಮಾನಕ್ಕಾಗಿ ಕಾಯುವುದಕ್ಕೂ ಬೆಲೆಯಿದೆ. ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಕೋರಿದ ನಿರಾಶ್ರಿತರನ್ನು ಕುರಿತು ಹೈನ್‌ಮ್ಯುಲ್ಲರ್, ಹಾಂಗಾರ್ಟ್ನರ್ ಮತ್ತು ಡಂಕನ್ ಲಾರೆನ್ಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅರ್ಜಿಯ ಇತ್ಯರ್ಥಕ್ಕೆ ಒಂದು ವರ್ಷ ಹೆಚ್ಚು ಕಾದವರಲ್ಲಿ ಮುಂದೆ ಉದ್ಯೋಗ ಪಡೆದವರ ಪ್ರಮಾಣ ನೂರಕ್ಕೆ ನಾಲ್ಕರಿಂದ ಐದರಷ್ಟು ಕುಸಿದಿತ್ತು. ಕಡತ ಮೇಜಿನ ಮೇಲಿರುವಾಗ ಮನುಷ್ಯನ ಹುಮ್ಮಸ್ಸೂ ಕೌಶಲವೂ ತುಕ್ಕು ಹಿಡಿಯುತ್ತವೆ.

ನೆರೆಯ ಜರ್ಮನಿ ತನ್ನ ಅನುಭವದಿಂದ ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 2000ದಲ್ಲಿ 15 ವರ್ಷಗಳಿಂದ 8ಕ್ಕೂ, 2024ರ ಜೂನ್‌ನಲ್ಲಿ 5ಕ್ಕೂ ಇಳಿಸಿತು. ವಿಶೇಷ ಸಾಧನೆ ತೋರಿದವರಿಗೆಂದು ತೆರೆದಿದ್ದ ಮೂರು ವರ್ಷದ ದಾರಿಯನ್ನು ಮಾತ್ರ 2025ರಲ್ಲಿ ಮುಚ್ಚಿತು. ಸ್ವಿಟ್ಜರ್ಲೆಂಡ್ 2018ರಲ್ಲಿ ಅವಧಿಯನ್ನು 12ರಿಂದ 10 ವರ್ಷಕ್ಕೆ ಇಳಿಸಿತಾದರೂ, ಕಾಯಂ ವಾಸದ ಪರವಾನಗಿ ಇರುವವರಷ್ಟೇ ಅರ್ಜಿ ಹಾಕಬಹುದೆಂಬ ಷರತ್ತನ್ನೂ ಸೇರಿಸಿತು. ಬಹುಮಾನದ ಪಕ್ಷ, ಬಂಡವಾಳದ ಪಕ್ಷ ಎರಡೂ ಇನ್ನೂ ಜೀವಂತವಾಗಿವೆ.

ಈ ಸಂಶೋಧನೆಗಳಿಗೆ ಮಿತಿಯೂ ಇದೆ. ಇಲ್ಲಿ ಅಳೆಯಲಾದ ಅರ್ಜಿದಾರರು ನಿನ್ನೆ ಬಂದಿಳಿದವರಲ್ಲ, ಹನ್ನೆರಡು ವರ್ಷಗಳಾದರೂ ಅಲ್ಲಿ ಬಾಳಿದವರು. ಮೊದಲ ದಿನವೇ ಪೌರತ್ವ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಈ ಲೆಕ್ಕ ಉತ್ತರ ಹೇಳುವುದಿಲ್ಲ.

ಭಾರತದ ಉದ್ಯಮಿಗಳಿಗೂ ಈ ವಿಷಯ ತೀರ ದೂರದ್ದಲ್ಲ. ಸ್ವಿಟ್ಜರ್ಲೆಂಡ್ ಒಳಗೊಂಡ ನಾಲ್ಕು ರಾಷ್ಟ್ರಗಳ ಕೂಟದೊಂದಿಗೆ ಭಾರತ 2024ರ ಮಾರ್ಚ್ 10ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದು ಸರಕು, ಸೇವೆ ಮತ್ತು ಹೂಡಿಕೆಗಳಿಗೆ ಬಾಗಿಲು ತೆರೆಯುತ್ತದೆ. ಸೇವೆಗಾಗಿ ಹೋಗುವ ನಿಪುಣರ ತಾತ್ಕಾಲಿಕ ಪ್ರಯಾಣಕ್ಕೂ ಅದರಲ್ಲಿ ಎಡೆಯಿದೆ. ಪೌರತ್ವ ಮಾತ್ರ ಆ ಒಪ್ಪಂದದ ವ್ಯಾಪ್ತಿಗೆ ಸೇರಿದ್ದಲ್ಲ. ಆ ಲೆಕ್ಕವನ್ನು ಈಗಲೂ ಇಡುವುದು ಎಮ್ಮೆನ್‌ನಂತಹ ಊರುಗಳೇ. ಕಾರಣ ಬರೆಯದೆ ಆ ಖಾತೆಯನ್ನು ಮುಚ್ಚುವ ಅಧಿಕಾರ ಮಾತ್ರ ಅವುಗಳಿಗೆ ಈಗ ಇಲ್ಲ.